ಛೀ ಮೇಡಂ ಕಟ್ಟಿದ ಕ್ಯೂ

ಆಕೆ ಭೂಮಿಗೆ ಬಿದ್ದ ಗಳಿಗೆಯಲ್ಲಿ ಬಾಯಿಂದ ಹೊರಟದ್ದು ಅಳುವಲ್ಲ, ಸ್ಪಷ್ಟವಾದ ಒಂದು "ಛೀ" ಎಂದು ಹೆರಿಗೆ ಮಾಡಿಸಿದ ನರ್ಸು ತಾನು ನಿವೃತ್ತಳಾಗುವವರೆಗೂ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳಂತೆ. ಕಣ್ಣು ಬಿಟ್ಟು ಮೊದಲು ನೋಡಿದ್ದು ತನ್ನ ಮೈಗಂಟಿದ ಲೋಳೆಯನ್ನು, ಆಮೇಲೆ ನರ್ಸಿನ ಉಗುರುಗಳನ್ನು. ಎರಡಕ್ಕೂ ಸೇರಿಸಿ ಒಂದೇ ತೀರ್ಪು ಕೊಟ್ಟಳು ಎಂದು ಪ್ರತೀತಿ. ನಾಲ್ಕನೆಯ ವಯಸ್ಸಿನಲ್ಲಿ ಯಾರೋ ದೊಡ್ಡಮ್ಮ ಕೆನ್ನೆಗೆ ಕೊಟ್ಟ ಮುತ್ತನ್ನು ಫ್ರಾಕಿನ ಅಂಚಿನಿಂದ ಒರೆಸಿ, ಆ ಅಂಚನ್ನು ಸೋಪು ಹಚ್ಚಿ ತೊಳೆದು, ಆ ಸೋಪನ್ನು ಕಿಟಕಿಯಿಂದಾಚೆ ಎಸೆದು, ಆ ಕಿಟಕಿಯ ಹತ್ತಿರ ಮೂರು ದಿನ ಸುಳಿಯಲಿಲ್ಲ. ಮುಂದೆ ಮದುವೆಯ ಮಾತುಕತೆಗೆ ಬಂದ ಹುಡುಗ ಕೈ ಕುಲುಕಲು ಕೈ ಚಾಚಿದಾಗ "ತೊಳ್ಕೊಂಡಿದೀರಾ?" ಎಂದು ಕೇಳಿದಳು. ಅವನು ಎದ್ದು ಹೋಗಿ ತೊಳೆದುಕೊಂಡು ಬಂದ. ಹಾಗಾಗಿ ಮದುವೆಯಾಯಿತು.

ಈಗ ನಲವತ್ತೆರಡರ ಪ್ರಾಯದಲ್ಲಿ ಆ ಛೀ ಪೂರ್ತಿ ಹಣ್ಣಾಗಿತ್ತು. ಹಲ್ಲಿ ಕಂಡರೆ ಬರುವ ಛೀ ಚಿಕ್ಕದು, ಮೂಗಿನ ತುದಿಯಲ್ಲೇ ಮುಗಿಯುವಂಥದು. ಯಾರಾದರೂ ಬೆರಳಿಗೆ ಎಂಜಲು ಹಚ್ಚಿ ಕಾಗದ ತಿರುವಿದರೆ ಬರುವುದು ಎದೆಯಿಂದ ಹೊರಟು ಎರಡು ಕೋಣೆ ದಾಟುತ್ತಿತ್ತು. ಕ್ಯಾಂಟೀನಿನವನು ಐದು ಲೋಟಗಳೊಳಗೆ ಐದು ಬೆರಳು ಇಳಿಬಿಟ್ಟು ಚಹಾ ತಂದ ದಿನ ಹೊರಟ ಛೀಗೆ ಸಜ್ಜದ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು, ಇವತ್ತಿಗೂ ತಿರುಗಿ ಬಂದಿಲ್ಲ ಎಂದು ಕಚೇರಿಯ ಹಿರಿಯರು ಆಣೆ ಮಾಡಿ ಹೇಳುತ್ತಾರೆ. ಇಡೀ ಕಚೇರಿಗೆ ಅವಳು ಛೀ ಮೇಡಂ. ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿತ್ತು, ಅದನ್ನು ಓದುವವರಿರಲಿಲ್ಲ.

ಇಂಥವಳಿಗೆ ಸಿಕ್ಕಿದ್ದು ಯಾವ ಇಲಾಖೆ? ಊರಿನ ಕಸ, ಚರಂಡಿ ಮತ್ತು ಸತ್ತ ಪ್ರಾಣಿಗಳ ಇಲಾಖೆ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುತ್ತಾರೆ. ಇಲ್ಲಿ ನೋಡಿದರೆ ಮೂಗಿದ್ದವಳಿಗೇ ನಾತ ದಕ್ಕಿತ್ತು. ಕಂಪ್ಯೂಟರ್ ಕೆಲಸ, ಎರಡನೇ ಮಹಡಿ, ಕಿಟಕಿಗೆ ಗಾಜಿದೆ ಎಂದು ಹೇಳಿ ಸೇರಿಸಿಕೊಂಡಿದ್ದರು. ಅವಳ ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ, ಮೌಸಿನ ಮೇಲೆ ಕರವಸ್ತ್ರ, ಕುರ್ಚಿಯ ಕೈಗಳಿಗೆ ವಾರಕ್ಕೊಮ್ಮೆ ಬದಲಾಗುವ ಕಾಗದ. ಬಾಗಿಲನ್ನು ಅವಳು ಕೈಯಿಂದ ಮುಟ್ಟಿದ್ದನ್ನು ಕಂಡವರಿಲ್ಲ, ಮೊಣಕೈಯಿಂದ ದೂಡುತ್ತಿದ್ದಳು.

ದೂರುಗಳ ಪಾಡು ಹೀಗಿತ್ತು. ಜನ ತಮ್ಮ ಬೀದಿಯ ಹೊಲಸಿನ ಫೋಟೋ ತೆಗೆದು ಇಲಾಖೆಯ ಒಂದು ಫೋನ್ ಗುಂಪಿಗೆ ಕಳಿಸುತ್ತಿದ್ದರು. ಆ ಗುಂಪಿನಲ್ಲಿ ಎಂಟು ಸ್ವಚ್ಛತಾ ಗ್ಯಾಂಗುಗಳ ಎಂಟು ಮೇಸ್ತ್ರಿಗಳು. ಉಕ್ಕಿದ ಚರಂಡಿ, ಊದಿಕೊಂಡ ನಾಯಿ, ಬಿಚ್ಚಿಕೊಂಡ ಡೈಪರು, ಇವುಗಳ ನಡುವೆ ಯಾರದೋ ಹೂವು ಹಾಕಿದ ಶುಭೋದಯ. ಒಂದು ನಾಯಿಗೆ ಮೂರು ಲಾರಿ ಹೋಗುತ್ತಿದ್ದವು, ಮೂರು ಚರಂಡಿಗೆ ಒಂದೂ ಹೋಗುತ್ತಿರಲಿಲ್ಲ. ಉಳಿದ ಹೊತ್ತು "ಅವ್ರು ಹೋಗಿರ್ತಾರೆ ಬಿಡು" ಎಂದು ಎಂಟೂ ಮೇಸ್ತ್ರಿಗಳು ಎಂಟು ಕಡೆ ಚಹಾ ಕುಡಿಯುತ್ತಿದ್ದರು.

ಇಲಾಖೆಯ ಸಾಹೇಬರು ಒಂದು ಬೆಳಿಗ್ಗೆ ಅವಳನ್ನು ಕರೆಸಿದರು. ಸ್ಕೂಟರಿನ ಕೀಯನ್ನು ಕಿವಿಯೊಳಗೆ ತಿರುಗಿಸುತ್ತ, ಆ ಸುಖಕ್ಕೆ ಒಂದು ಕಣ್ಣು ಮುಚ್ಚಿಕೊಂಡು ಮಾತಾಡಿದರು.

"ನೋಡಮ್ಮ, ಮೇಲಿನವರು ಕ್ಲೌಡಲ್ಲಿ ಜಾಗ ತಗೊಂಡಿದ್ದಾರೆ. ಫೋಟೋ ಎಲ್ಲ ಇನ್ಮೇಲೆ ಅಲ್ಲಿಗೆ ಹೋಗ್ಬೇಕು. ಅಲ್ಲೇ ಒಂದು ಕ್ಯೂ ಮಾಡ್ಬೇಕಂತೆ. ಒಂದು ದೂರಿಗೆ ಒಂದು ಗ್ಯಾಂಗು. ಎರಡನೇ ಲಾರಿ ಆ ಕಡೆ ತಲೆ ಹಾಕ್ಬಾರ್ದು."

"ಆ ಫೋಟೋಗಳನ್ನ ನಾನು ನೋಡ್ಬೇಕಾ ಸಾರ್?"

"ನೋಡ್ದೆ ಹೆಂಗಮ್ಮ ಆಗುತ್ತೆ?"

"ಛೀ."

ಸಾಹೇಬರು ಕೀಯನ್ನು ಹೊರಗೆ ತೆಗೆದು, ತುದಿಗೆ ಬಂದಿದ್ದನ್ನು ಬೆಳಕಿಗೆ ಹಿಡಿದು ನೋಡಿದರು. ಈ ಸಲ ಬರಲಿದ್ದ ಛೀಯನ್ನು ಛೀ ಮೇಡಂ ನುಂಗಿಕೊಂಡಳು, ಏಕೆಂದರೆ ಸಾಹೇಬರ ಮಾತು ಇನ್ನೂ ಮುಗಿದಿರಲಿಲ್ಲ.

"ಹದಿನೈದು ದಿನ ಟೈಮು. ನಡೀತು ಅಂದ್ರೆ ಈ ಮಹಡಿ, ಈ ಕುರ್ಚಿ ನಿಂದೇ. ನಡೀಲಿಲ್ಲ ಅಂದ್ರೆ, ಗುಡ್ಡದ ತೂಕದ ಮನೆಗೆ ಕಂಪ್ಯೂಟರ್ ಬರೋರು ಬೇಕು ಅಂತ ಕೇಳ್ತಾನೇ ಇದ್ದಾರೆ."

ಗುಡ್ಡವೆಂದರೆ ಊರಾಚೆ ಕಸ ಸುರಿಯುವ ಜಾಗ. ಮೂವತ್ತು ವರ್ಷದ ಕಸ ಅಲ್ಲಿ ಬೆಟ್ಟವಾಗಿ, ಬೆಟ್ಟ ಬೆವರಿ, ಆ ಬೆವರು ಕಪ್ಪು ಕಾಲುವೆಯಾಗಿ ಹರಿದು ಲಾರಿ ತೂಗುವ ಕೋಣೆಯ ಹೊಸಿಲನ್ನು ನೆಕ್ಕುತ್ತಿತ್ತು. ಅಲ್ಲಿ ಹಿಂದೆ ಇದ್ದ ಗುಮಾಸ್ತ ಮೊದಮೊದಲು ನೊಣಗಳಿಗೆ ಹೇಸಿ, ತಲೆಯನ್ನು ಅಂಗಿಯೊಳಗೆ ಎಳೆದುಕೊಂಡು ಅಲ್ಲೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ. ಆರನೇ ತಿಂಗಳಿಗೆ ತಲೆ ಹೊರಗೆ ಬಂತು. ವರ್ಷ ತುಂಬುವಷ್ಟರಲ್ಲಿ ಊಟದಲ್ಲಿ ಬಿದ್ದ ನೊಣವನ್ನು ಮಾತು ನಿಲ್ಲಿಸದೆ ಬೆರಳಲ್ಲಿ ಚಿಮ್ಮಿ ಮುಂದಿನ ತುತ್ತು ಎತ್ತುತ್ತಿದ್ದ. ಅದನ್ನು ಛೀ ಮೇಡಂ ಒಂದು ಸಲ ಕಣ್ಣಾರೆ ಕಂಡಿದ್ದಳು. ಅವಳಿಗೆ ಹೆದರಿಕೆಯಿದ್ದದ್ದು ನಾತದ ಬಗ್ಗೆಯಲ್ಲ, ತಾನೂ ಹಾಗಾಗಿಬಿಟ್ಟೇನು ಎಂಬುದರ ಬಗ್ಗೆ.

ಮನೆಗೆ ಬಂದು ವಿಷಯ ಹೇಳಿದಳು. ಗಂಡ ಹಲ್ಲಿನ ಡಾಕ್ಟರ ಸಹಾಯಕ. ದಿನಕ್ಕೆ ನಲವತ್ತು ಬಾಯಿಗಳ ಉಗುಳನ್ನು ಕೊಳವೆಯಿಂದ ಹೀರಿ ತೆಗೆಯುವ ಕೆಲಸ. ಆದ್ದರಿಂದ ಬೀದಿಯಿಂದ ನೇರ ಬಚ್ಚಲಿಗೆ, ಬಚ್ಚಲಿನಿಂದ ಮನೆಯೊಳಗೆ ಎಂಬುದು ಅವನಿಗೆ ಹಾಕಿಕೊಟ್ಟ ದಾರಿ. ಹದಿನಾರು ವರ್ಷದಲ್ಲಿ ಒಂದು ದಿನವೂ ಗೊಣಗಿದವನಲ್ಲ. ಗೊಣಗುವ ಖಾತೆ ಅತ್ತೆಯ ಹತ್ತಿರವಿತ್ತು.

"ಏನೇ, ಊರ ಕಸಾನ ಮೋಡದಲ್ಲಿ ಇಡ್ತೀರಂತೆ?"

"ಕಸ ಅಲ್ಲ ಅತ್ತೆ, ಕಸದ ಫೋಟೋ. ಕ್ಲೌಡು ಅಂದ್ರೆ ಎಲ್ಲೋ ದೂರದಲ್ಲಿರೋ ಬೇರೆಯವರ ಕಂಪ್ಯೂಟರು. ನಾವು ಅದರಲ್ಲಿ ಜಾಗ ಬಾಡಿಗೆಗೆ ತಗೊಳ್ಳೋದು."

"ಅಂದ್ರೆ ನಮ್ಮೂರ ಹೇಸಿಗೆ ಇನ್ನೊಬ್ಬರ ಅಟ್ಟದ ಮೇಲೆ."

"ಹೂಂ."

"ಅಯ್ಯೋ ಪಾಪ, ಅವರಿಗೆ ಗೊತ್ತಾ?"

ಬಚ್ಚಲಿನೊಳಗಿಂದ ಗಂಡ ನಕ್ಕದ್ದು ಕೇಳಿಸಿತು. ಅವನ ಬಾಯಿಗೆ ಸೋಪಿನ ನೊರೆ ಹೋಗಿ ಉಗುಳಿದ್ದೂ ಕೇಳಿಸಿತು. "ಛೀ," ಎಂದಳು ಸೊಸೆ, ಇಬ್ಬರಿಗೂ ಸೇರಿಸಿ.

ಕೆಲಸವೇನೋ ಕಾಗದದ ಮೇಲೆ ಸರಳವಾಗಿತ್ತು. ಜನ ಕಳಿಸಿದ ಫೋಟೋ ಆ ಬಾಡಿಗೆಯ ಅಟ್ಟದಲ್ಲಿ ಒಂದು ಪೆಟ್ಟಿಗೆಗೆ ಬೀಳಬೇಕು. ಬಿದ್ದ ಕೂಡಲೇ "ಇಂಥ ಬೀದಿ, ಇಂಥ ಹೊಲಸು, ಫೋಟೋ ಇಲ್ಲಿದೆ" ಎಂಬ ಚೀಟಿಯೊಂದು ಕ್ಯೂನ ಬಾಲಕ್ಕೆ ಸೇರಬೇಕು. ಚೀಟಿಯೊಳಗೆ ಫೋಟೋ ಹಿಡಿಸುವುದಿಲ್ಲ, ಅದರ ವಿಳಾಸ ಮಾತ್ರ. ಈ ನಿಯಮ ಓದಿ ಛೀ ಮೇಡಂಗೆ ಕ್ಲೌಡಿನವರ ಸಂಸ್ಕಾರದ ಬಗ್ಗೆ ಗೌರವ ಹುಟ್ಟಿತು. ಬೀದಿಯಲ್ಲಿರುವ ಮೇಸ್ತ್ರಿ ತನ್ನ ಟ್ಯಾಬಿನಲ್ಲಿ "ಕೊಡು" ಎಂದು ಒತ್ತಿದರೆ ಕ್ಯೂನ ತಲೆಯಲ್ಲಿರುವ ಚೀಟಿ ಅವನ ಕೈಗೆ ಬರುತ್ತದೆ. ಬಂದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಸ್ವಲ್ಪ ಹೊತ್ತು ಬೇರೆಯವರ ಕಣ್ಣಿಗೆ ಬೀಳದ ಹಾಗೆ ಮರೆಯಾಗಿರುತ್ತದೆ, ಅಷ್ಟೆ. ಅಷ್ಟರಲ್ಲಿ ಅವನು ಕೆಲಸ ಮಾಡಿ "ಮುಗೀತು" ಒತ್ತಿದರೆ ಚೀಟಿಗೆ ಮುಕ್ತಿ. ಒತ್ತದಿದ್ದರೆ, ಇವನು ಎಲ್ಲೋ ಮರದ ಕೆಳಗೆ ಮಲಗಿದ್ದಾನೆ ಎಂದು ತಿಳಿದು, ಚೀಟಿ ತಾನಾಗಿ ಕ್ಯೂಗೆ ಮರಳಿ ಇನ್ನೊಬ್ಬ ಮೇಸ್ತ್ರಿಯ ಕೈಗೆ ಹೋಗುತ್ತದೆ. ಕ್ಲೌಡಿನವರಿಗೆ ಮೇಸ್ತ್ರಿಗಳ ಪರಿಚಯ ಚೆನ್ನಾಗಿಯೇ ಇದ್ದ ಹಾಗಿತ್ತು.

ಕ್ಯೂಗೆ ಹೆಸರು ಕೇಳಿತು. ಇಂಗ್ಲಿಷಿನ ಸಣ್ಣಕ್ಷರಗಳೇ ಆಗಬೇಕು, ಮೂರಕ್ಕಿಂತ ಕಡಿಮೆ ಇರಬಾರದು ಎಂದು ಷರತ್ತು ಹಾಕಿತು. ಛೀ ಮೇಡಂ ಹೆಚ್ಚು ಯೋಚಿಸಲಿಲ್ಲ. ನಾಲ್ಕು ಸಣ್ಣಕ್ಷರಗಳಲ್ಲಿ "ಛೀ" ಎಂದೇ ಬರೆದಳು. ಕಂಪ್ಯೂಟರು ಒಪ್ಪಿಕೊಂಡಿತು.

ಆಮೇಲೆ ಕೇಳಿದ್ದು ಆ ಮರೆಯಾಗಿರುವ ಹೊತ್ತಿನ ವಿಷಯ. ಚೀಟಿ ಪಡೆದವನಿಗೆ ಎಷ್ಟು ಸಮಯ ಕೊಡಲಿ? ಖಾನೆಯಲ್ಲಿ ಮೊದಲೇ ಮೂವತ್ತು ಸೆಕೆಂಡು ಎಂದು ತುಂಬಿತ್ತು, ಬೇಕಿದ್ದರೆ ಬದಲಿಸಬಹುದಿತ್ತು. ಛೀ ಮೇಡಂ ಆ ಮೂವತ್ತನ್ನು ನೋಡಿದಳು. ಹೊಲಸಿನ ಮುಂದೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾವ ಮನುಷ್ಯ ಪ್ರಾಣಿ ತಾನೇ ನಿಂತೀತು? ಮೂವತ್ತೇ ಜಾಸ್ತಿಯಾಯಿತು ಎಂದು ಅವಳ ಮೂಗು ಹೇಳಿತು. ಹಾಗೇ ಬಿಟ್ಟು ಮುಂದಕ್ಕೆ ಹೋದಳು.

ಇನ್ನು ಪರೀಕ್ಷೆ. ಪೆಟ್ಟಿಗೆಗೆ ಫೋಟೋ ಹಾಕಿ, ಚೀಟಿ ಬರುತ್ತದೋ, ಅಳಿಸಿಹೋಗುತ್ತದೋ ನೋಡಬೇಕು. ನಿಜವಾದ ದೂರಿನ ಫೋಟೋ ಒಂದನ್ನು ತೆರೆದಳು. ಯಾರದೋ ಮನೆಯ ಮುಂದಿನ ಗುಂಡಿ, ಅದರ ಕಪ್ಪು ನೀರಿನ ಮೇಲೆ ಕೆನೆ, ಕೆನೆಯ ಮೇಲೆ ಕೂದಲಿನ ಉಂಡೆ, ಉಂಡೆಯೊಳಗೆ ಏನೋ ಮಿಸುಕಾಡುತ್ತಿದ್ದ ಹಾಗೆ. ಫೋಟೋ ಮಿಸುಕಾಡುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ತಕ್ಷಣ ಮುಚ್ಚಿದಳು. ಫೋನ್ ಗುಂಪಿನಲ್ಲಿ ಜನ ಕಳಿಸಿದ್ದ ಶುಭೋದಯಗಳನ್ನು ಹುಡುಕಿ ಹನ್ನೆರಡು ಗುಲಾಬಿಗಳನ್ನು ಆರಿಸಿಕೊಂಡಳು. ಒಂದೊಂದಾಗಿ ಗುಲಾಬಿ ಪೆಟ್ಟಿಗೆಗೆ ಬಿತ್ತು, ಚೀಟಿ ಕ್ಯೂಗೆ ಸೇರಿತು, ಅವಳೇ "ಕೊಡು" ಒತ್ತಿ, ಅವಳೇ ಗುಲಾಬಿ ನೋಡಿ, ಹತ್ತು ಸೆಕೆಂಡಿನೊಳಗೆ ಅವಳೇ "ಮುಗೀತು" ಒತ್ತಿದಳು. ಹನ್ನೆರಡಕ್ಕೆ ಹನ್ನೆರಡೂ ಪಾಸು. ಲೋಕದ ಯಾವ ಸ್ವಚ್ಛತಾ ಇಲಾಖೆಯೂ ಗುಲಾಬಿಗಳನ್ನು ಇಷ್ಟು ಚುರುಕಾಗಿ ವಿಲೇವಾರಿ ಮಾಡಿರಲಿಕ್ಕಿಲ್ಲ.

ಹದಿಮೂರನೇ ದಿನ ಉದ್ಘಾಟನೆ. ಮೇಲಿನವರು ಇಬ್ಬರು ಬಂದಿದ್ದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕ್ಯೂನ ಹೆಸರು, ಅದರ ಮುಂದೆ ಬಾಕಿಯಿರುವ ಚೀಟಿಗಳ ಸಂಖ್ಯೆ. "ಅದೇನ್ರೀ ಹೆಸರು?" ಎಂದು ಮೇಲಿನವರೊಬ್ಬರು ಕೇಳಿದರು. ಸಾಹೇಬರು ಛೀ ಮೇಡಂ ಮುಖ ನೋಡಿದರು. "ಟೆಕ್ನಿಕಲ್ ಹೆಸರು ಸಾರ್," ಎಂದಳು ಅವಳು.

ಬೆಳಿಗ್ಗೆ ಏಳಕ್ಕೆ ಮೊದಲನೇ ಗ್ಯಾಂಗಿನ ಮೇಸ್ತ್ರಿ "ಕೊಡು" ಒತ್ತಿದ. ತರಕಾರಿ ಅಂಗಡಿಗಳ ಹಿಂದಿನ ಓಣಿಯಲ್ಲಿ ಸತ್ತುಬಿದ್ದ ಒಂದು ಹೆಗ್ಗಣ ಅವನ ಪಾಲಿಗೆ ಬಂತು. ಅವನು ಲಾರಿ ಹತ್ತಿ, ಡ್ರೈವರನ್ನು ಎಬ್ಬಿಸುವಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿದು, ಚೀಟಿ ಕ್ಯೂನ ತಲೆಗೆ ಮರಳಿತು. ಎರಡನೇ ಮೇಸ್ತ್ರಿ ಒತ್ತಿದ, ಅವನಿಗೂ ಹೆಗ್ಗಣ. ಮೂರನೆಯವನಿಗೂ. ಎಂಟೂ ಗ್ಯಾಂಗುಗಳಿಗೆ ಒಂದೇ ಹೆಗ್ಗಣ ಹಂಚಿಕೆಯಾಯಿತು. ಎರಡು ಸೈಕಲ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಆ ಓಣಿಯ ಬಾಯಿಗೆ ಎಂಟು ಲಾರಿ, ಮೂವತ್ತೆರಡು ಜನ, ಸಲಿಕೆ, ಗುದ್ದಲಿ, ಸುಣ್ಣದ ಚೀಲಗಳ ಸಮೇತ ಬಂದು ನಿಂತರು. ಯಾವ ದೊರೆಗೂ ಇಂಥ ಶವಯಾತ್ರೆ ದಕ್ಕಿರಲಿಕ್ಕಿಲ್ಲ.

"ನಮ್ದು ಇದು, ಚೀಟಿ ನಮಗ್ ಬಂದಿದೆ!"

"ನಮಗೂ ಬಂದಿದೆ, ನೋಡಯ್ಯ! ಬಾಲ ನೋಡು, ಅದೇ ಬಾಲ!"

"ಹಂಗಾದ್ರೆ ಎಂಟು ತುಂಡು ಮಾಡಿ ತಗೊಂಡು ಹೋಗಿ, ನಾನ್ಯಾಕೆ ಬೇಡ ಅನ್ಲಿ!"

ಜಗಳದ ನಡುವೆ ಮೊದಲನೇ ಮೇಸ್ತ್ರಿ ಹೆಗ್ಗಣವನ್ನು ಸಲಿಕೆಯಲ್ಲಿ ಎತ್ತಿದ. ಬಿಸಿಲಿಗೆ ಮೆತ್ತಗಾಗಿದ್ದ ಅದರ ಅರ್ಧಭಾಗ ಸಲಿಕೆಗೆ ಬಂತು, ಅರ್ಧ ಎರಡನೇ ಮೇಸ್ತ್ರಿಯ ಬೂಟಿನ ಮೇಲೆ ಉಳಿಯಿತು. ಅಂತೂ ಹೆಗ್ಗಣಕ್ಕೆ ಗತಿ ಕಾಣಿಸಿ "ಮುಗೀತು" ಒತ್ತಿದರೆ ಟ್ಯಾಬು ಒಪ್ಪಲಿಲ್ಲ. ಚೀಟಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಮೇಲೆ ಹಳಬನ ಮಾತಿಗೆ ಕ್ಲೌಡಿನಲ್ಲಿ ಬೆಲೆಯಿಲ್ಲ. ಹೀಗಾಗಿ ಸತ್ತ ಹೆಗ್ಗಣ ಕ್ಯೂನಲ್ಲಿ ಅಮರವಾಯಿತು. ಮಧ್ಯಾಹ್ನದೊಳಗೆ ಅದು ನಲವತ್ತೊಂದು ಸಲ ಹಂಚಿಕೆಯಾಗಿತ್ತು. ಅದರ ಹಿಂದೆ ಮುನ್ನೂರು ಚೀಟಿಗಳು ಕೊಳೆಯುತ್ತ ನಿಂತಿದ್ದವು. ಕಚೇರಿಯ ಗೋಡೆಯ ಮೇಲೆ "ಛೀ" ಎಂಬ ನಾಲ್ಕಕ್ಷರ, ಅದರ ಮುಂದೆ ಏರುತ್ತಲೇ ಇದ್ದ ಅಂಕಿ. ಮೇಲಿನವರಿಬ್ಬರೂ ಅದನ್ನು ಓದಿ, ಮತ್ತೊಮ್ಮೆ ಓದಿ, ಚಹಾ ಕುಡಿಯದೆ ಎದ್ದು ಹೋದರು.

"ಸೋಮವಾರದವರೆಗೆ ಟೈಮ್ ಕೊಡ್ತೀನಿ," ಎಂದರು ಸಾಹೇಬರು. ಕೀ ಕಿವಿಗೆ ಹೋಗಲಿಲ್ಲ. ಅದರಿಂದಲೇ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ಎಲ್ಲರಿಗೂ ತಿಳಿಯಿತು. "ನಾಲ್ಕು ದಿನ. ಆಮೇಲೆ ಗುಡ್ಡ."

ತಪ್ಪು ಎಲ್ಲಿದೆ ಎಂಬುದು ಛೀ ಮೇಡಂಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಮೂವತ್ತು ಸೆಕೆಂಡಿನ ಜಾಗದಲ್ಲಿ ಸರಿಯಾದ ಸಮಯ ಬರೆದರೆ ಮುಗಿಯಿತು. ಆದರೆ ಸರಿಯಾದ ಸಮಯ ಎಷ್ಟು? ಕಡಿಮೆಯಾದರೆ ಮತ್ತೆ ಹೆಗ್ಗಣದ ಮೆರವಣಿಗೆ. ಹೆಚ್ಚಾದರೆ, ಚೀಟಿ ಹಿಡಿದುಕೊಂಡು ಮೇಸ್ತ್ರಿ ಮಲಗಿದನೆಂದರೆ ಇಡೀ ದಿನ ಇನ್ನೊಬ್ಬನಿಗೆ ಸಿಗುವುದಿಲ್ಲ. ಮೇಸ್ತ್ರಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು.

"ಒಂದು ಚರಂಡಿ ಬಿಡಿಸೋಕೆ ಎಷ್ಟೊತ್ತು ಬೇಕು?"

"ಐದೇ ನಿಮಿಷ ಮೇಡಂ."

ಎಂಟು ಮಂದಿಯೂ ಐದೇ ನಿಮಿಷ ಎಂದರು. ಅವರ ಬಾಯಲ್ಲಿ ಬರುವುದು, ಹೋಗುವುದು, ಮುಗಿಯುವುದು ಎಲ್ಲವೂ ಐದೇ ನಿಮಿಷ. ಅದೇ ಚರಂಡಿಗೆ ಅವರು ಕೆಲಸದ ಪುಸ್ತಕದಲ್ಲಿ ಬರೆಯುತ್ತಿದ್ದದ್ದು "ಇಡೀ ದಿನ". ಕೇಳುವವರಿಗೆ ಒಂದು ಸುಳ್ಳು, ಬರೆಯುವುದಕ್ಕೆ ಒಂದು ಸುಳ್ಳು; ನಿಜ ಇವೆರಡರ ನಡುವೆ ಎಲ್ಲೋ ಚರಂಡಿಯ ತಳದಲ್ಲಿತ್ತು.

ಸಂಜೆ ಗಂಡನ ಮುಂದೆ ಹೇಳಿಕೊಂಡಳು. ಅವನು ತಲೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ನಮ್ಮ ಡಾಕ್ಟ್ರು ಮೊದಲು ಪ್ರತಿಯೊಬ್ಬರಿಗೂ ಹತ್ತು ನಿಮಿಷಕ್ಕೊಂದು ಟೋಕನ್ ಕೊಡ್ತಿದ್ರು. ಹೊರಗಡೆ ಜನ ಹೊಡ್ದಾಡ್ಕೊಳ್ಳೋರು. ಆಮೇಲೆ ನಾನು ಒಂದು ವಾರ ಕುರ್ಚಿ ಪಕ್ಕ ಗಡಿಯಾರ ಹಿಡ್ಕೊಂಡು ನಿಂತೆ. ದವಡೆ ಹಲ್ಲಿಗೆ ಮೂವತ್ತೈದು ನಿಮಿಷ. ಅದ್ರಲ್ಲಿ ಹತ್ತು ನಿಮಿಷ ಅವರ ಬಾಯಿ ತೆಗೆಸೋದಕ್ಕೇ ಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ."

"ಅಂದ್ರೆ?"

"ಅಂದ್ರೆ ಏನು, ಹೋಗಿ ನಿಂತ್ಕೋ."

"ಚರಂಡಿ ಪಕ್ಕನಾ? ನಾನಾ?"

"ಹೋಗಲ್ಲ ಬಿಡೋ ಅವಳು," ಎಂದರು ಒಳಗಿಂದ ಅತ್ತೆ. "ನನ್ನ ಹಲ್ಲಿನ ಸೆಟ್ ಲೋಟದಲ್ಲಿದ್ರೆ ಆ ಕೋಣೆಗೇ ಬರಲ್ಲ. ಚರಂಡಿ ಪಕ್ಕ ನಿಲ್ತಾಳಂತೆ!"

"ಅತ್ತೆ, ಆ ಲೋಟ ನಾನು ನೀರು ಕುಡಿಯೋ ಲೋಟ."

"ತೊಳ್ದೇ ಇಡ್ತೀನಲ್ಲ!"

"ಛೀ," ಎಂದಳು. ಆದರೆ ಆ ಛೀಯಲ್ಲಿ ಎಂದಿನ ಕಸುವಿರಲಿಲ್ಲ. ಅವಳ ಮನಸ್ಸು ಗುಡ್ಡದ ಗುಮಾಸ್ತನ ತಟ್ಟೆಯ ಮೇಲಿನ ನೊಣದ ಕಡೆಗಿತ್ತು. ಒಂದು ದಿನದ ಚರಂಡಿಯೋ, ಜೀವಮಾನದ ನೊಣವೋ?

ಮರುದಿನ ಅವಳು ಮೂರನೇ ಗ್ಯಾಂಗಿನ ಲಾರಿಯಲ್ಲಿ, ಸೀಟಿನ ಮೇಲೆ ಮೂರು ಪದರ ಕಾಗದ ಹಾಸಿಕೊಂಡು ಕುಳಿತಿದ್ದಳು. ಮೂಗಿಗೆ ಮಾಸ್ಕು, ಮಾಸ್ಕಿನೊಳಗೆ ಕರ್ಪೂರ, ಅದರ ಮೇಲೆ ಇನ್ನೊಂದು ಮಾಸ್ಕು. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪುಸ್ತಕ. ರಣರಂಗಕ್ಕೆ ಹೊರಟವರು ಇದಕ್ಕಿಂತ ಕಡಿಮೆ ಕವಚದಲ್ಲಿ ಹೋಗಿ ಗೆದ್ದು ಬಂದದ್ದುಂಟು. ಮೇಸ್ತ್ರಿ ದಪ್ಪ ಮೀಸೆಯ ಅಗಲವಾದ ಮನುಷ್ಯ. ಇಪ್ಪತ್ತೆರಡು ವರ್ಷ ಚರಂಡಿಯಲ್ಲಿ ಕಳೆದವನು. ದಾರಿಯುದ್ದಕ್ಕೂ "ಬೇಕಾ ತಾಯಿ ಇದೆಲ್ಲ ನಿಮಗೆ?" ಎಂದು ಕೇಳುತ್ತಲೇ ಇದ್ದ.

ಹತ್ತು ಗಂಟೆ ಹತ್ತು ನಿಮಿಷಕ್ಕೆ, ಹೆಗ್ಗಣ ಇನ್ನೊಬ್ಬರ ಕೈಯಲ್ಲಿದ್ದ ಮೂವತ್ತು ಸೆಕೆಂಡಿನಲ್ಲಿ, ಬೇರೊಂದು ಚೀಟಿ ಕೈಗೆ ಬಂತು. ಕಾಲೇಜು ಹಾಸ್ಟೆಲಿನ ಅಡುಗೆಮನೆಯ ಹಿಂದಿನ ಚರಂಡಿ. ಅದರ ಮುಚ್ಚಳದ ಮೇಲೆ ಯಾರದೋ ಕಾರು ನಿಂತಿತ್ತು. ಕಾರಿನವನನ್ನು ಹುಡುಕಿ, ಅವನು ತನ್ನ ಚಪ್ಪಲಿ ಹುಡುಕಿ, ಆಮೇಲೆ ಕೀ ಹುಡುಕಿ ಕಾರು ತೆಗೆಯುವ ಹೊತ್ತಿಗೆ ಹದಿನಾಲ್ಕು ನಿಮಿಷ. ಮುಚ್ಚಳ ಎಬ್ಬಿಸುವ ಹಾರೆಯನ್ನು ನಾಲ್ಕನೇ ಗ್ಯಾಂಗಿನವರು ಕೇಳದೆ ಒಯ್ದಿದ್ದರು. ಪಕ್ಕದ ಬೀದಿಯಿಂದ ತರಿಸಲು ಎಂಟು. ಛೀ ಮೇಡಂ ಬರೆದುಕೊಂಡಳು. ಇಲ್ಲಿಯವರೆಗೆ ಸಹ್ಯವಾಗಿತ್ತು.

ಆಮೇಲೆ ಮುಚ್ಚಳ ಎದ್ದಿತು.

ಆ ನಾತಕ್ಕೆ ಮೈಯಿತ್ತು, ಭುಜವಿತ್ತು. ಮುಚ್ಚಳವನ್ನು ತಾನೇ ದೂಡಿಕೊಂಡು ಎದ್ದು ಬಂದ ಹಾಗೆ ಬಂತು. ಎರಡು ಮಾಸ್ಕು, ಒಂದು ಕರ್ಪೂರವನ್ನು ಅದು ಗಣನೆಗೇ ತೆಗೆದುಕೊಳ್ಳಲಿಲ್ಲ. ಒಳಗೆ ಮುನ್ನೂರು ಹುಡುಗರ ತಟ್ಟೆ ತೊಳೆದ ಜಿಡ್ಡು ಮೇಣದ ಹಾಗೆ ಹೆಪ್ಪುಗಟ್ಟಿ, ಅದರಲ್ಲಿ ಅನ್ನದ ಅಗುಳು ಉಬ್ಬಿಕೊಂಡು, ಬಣ್ಣ ಯಾವುದೆಂದು ಹೇಳಲು ಬಾರದ ದಾರಗಳು ಜೋತುಬಿದ್ದಿದ್ದವು. ಜಿರಳೆಗಳು ಗೋಡೆ ಹತ್ತಿ ಬಿಸಿಲಿಗೆ ಬಂದು, ಮತ್ತೆ ಒಳಗೇ ವಾಸಿ ಎಂದುಕೊಂಡು ಇಳಿದವು.

ಅಲ್ಲಿಂದ ಮುಂದಿನದರ ಬಗ್ಗೆ ಮೇಸ್ತ್ರಿ ಊರೆಲ್ಲ ಹೇಳಿದ. ಛೀ ಮೇಡಂ ಯಾರಿಗೂ ಹೇಳಲಿಲ್ಲ, ಮನೆಯಲ್ಲೂ. "ಕಂಬ ಕಣ್ರೀ, ಕಂಬ!" ಎಂದ ಮೇಸ್ತ್ರಿ ಆ ಸಂಜೆ ಕಚೇರಿಯ ಮೆಟ್ಟಿಲ ಮೇಲೆ ನಿಂತು. "ನನ್ನ ಹುಡುಗ್ರು, ಚರಂಡೀಲೇ ತಲೆ ನರೆತೋರು, ಎರಡು ಹೆಜ್ಜೆ ಹಿಂದೆ ಹೋದ್ರು. ಮೇಡಂ ಹೋಗ್ಲಿಲ್ಲ. ರೆಪ್ಪೆ ಬಡೀಲಿಲ್ಲ. ಆ ನಾತಾನೇ ಮೇಡಂನ ನೋಡಿ, 'ಅಯ್ಯಪ್ಪಾ ಇವರ್ಯಾರು' ಅಂತ ಪಕ್ಕಕ್ಕೆ ಸರ್ಕೊಂಡು ಹೋಯ್ತು!" ಕ್ಯಾಂಟೀನಿನವನ ಬಾಯಿಗೆ ಬರುವ ಹೊತ್ತಿಗೆ ಛೀ ಮೇಡಂ ಮಾಸ್ಕು ಕಿತ್ತೆಸೆದಿದ್ದಳು. ಮಾರನೇ ದಿನ ಲೆಕ್ಕಪತ್ರ ವಿಭಾಗದಲ್ಲಿ ಅವಳು ಸ್ವತಃ ಚರಂಡಿಗೆ ಇಳಿದಿದ್ದಳು.

ನಿಜಕ್ಕೂ ಅವಳು ಕಲಿತದ್ದು ಕೆಲಸ ಮುಗಿದ ಮೇಲೆ. ಗಟ್ಟಿ ಹೊಲಸನ್ನೆಲ್ಲ ಬಕೆಟ್ಟಿನಲ್ಲಿ ಮೇಲೆತ್ತಿ, ನೀರು ಗಳಗಳ ಹರಿಯುವ ಹೊತ್ತಿಗೆ ಮತ್ತೆ ಇಪ್ಪತ್ತೆರಡು ನಿಮಿಷವಾಗಿತ್ತು. ಅವಳು ಟ್ಯಾಬನ್ನು ಮೇಸ್ತ್ರಿಯ ಮುಂದೆ ಹಿಡಿದಳು.

"ಮುಗೀತು ಒತ್ತಿ."

ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಮೊಣಕೈಯವರೆಗೆ ಕಪ್ಪು ಜಿಡ್ಡು, ಬೆರಳ ಸಂದಿಯಲ್ಲಿ ಅನ್ನದ ಅಗುಳು. ಅವನು ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಈ ಕೈಯಲ್ಲಾ? ಛೀ! ಅದನ್ನ ಆಮೇಲೆ ಮನೆಗೆ ತಗೊಂಡು ಹೋಗ್ಬೇಕು, ಮಕ್ಕಳು ಮುಟ್ತಾರೆ. ತೊಳ್ಕೊಂಡು ಒತ್ತೋಣ ಅಂದ್ರೆ ನಲ್ಲಿ ಆ ತುದೀಲಿದೆ. ನಾವು ಯಾರೂ ಬೀದೀಲಿ ಒತ್ತಲ್ಲ ತಾಯಿ. ಸಂಜೆ ಸ್ನಾನ ಆದ್ಮೇಲೆ ಎಲ್ಲಾನೂ ಒಟ್ಟಿಗೆ ಒತ್ತೋದು."

ಛೀ ಮೇಡಂ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಹನ್ನೊಂದು ವರ್ಷ ಆ ಕಚೇರಿಯಲ್ಲಿದ್ದಳು, ತನ್ನ ಹಾಗೆ ಹೇಸುವ ಒಂದೇ ಒಂದು ಜೀವವನ್ನು ಅಲ್ಲಿ ಕಂಡಿರಲಿಲ್ಲ. ಇಪ್ಪತ್ತೆರಡು ವರ್ಷ ಮೊಣಕೈವರೆಗೆ ಅದ್ದಿದವನ ಬಾಯಿಂದ ಬಂದ ಛೀ ಅವಳದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ಅವಳು ಆ ತುದಿಯ ನಲ್ಲಿಯವರೆಗೆ ಅವನ ಜೊತೆ ನಡೆದು, ನಲ್ಲಿಯನ್ನು ಮೊಣಕೈಯಿಂದ ತಿರುಗಿಸಿ, ತನ್ನ ಚೀಲದಿಂದ ಸೋಪು ತೆಗೆದುಕೊಟ್ಟಳು. ತೊಳೆದು, ಒಣಗಿಸಿ, ಮೇಸ್ತ್ರಿ "ಮುಗೀತು" ಒತ್ತಿದಾಗ ಹನ್ನೊಂದು ಗಂಟೆ ಆರು ನಿಮಿಷ. ಸೋಪನ್ನು ಅವನಿಗೇ ಇಟ್ಟುಕೊಳ್ಳಲು ಹೇಳಿದಳು.

ಕಚೇರಿಗೆ ಬಂದವಳೇ ಎರಡು ಕೆಲಸ ಮಾಡಿದಳು. ಮೂವತ್ತು ಸೆಕೆಂಡು ಅಳಿಸಿ ಎರಡು ಗಂಟೆ ಎಂದು ಬರೆದಳು. ಒಂದು ಚರಂಡಿಯ ಹೊತ್ತಿಗೆ ಎರಡು ಪಟ್ಟು, ಮೇಲಿಷ್ಟು ಕಾರಿನವರ ಚಪ್ಪಲಿಗಾಗಿ. ಆಮೇಲೆ ಟ್ಯಾಬಿನ ಮೂಲೆಯಲ್ಲಿದ್ದ ಕಡಲೆ ಗಾತ್ರದ "ಮುಗೀತು" ಗುಂಡಿಯನ್ನು ಪರದೆಯ ತುಂಬ ಹಿಗ್ಗಿಸಿ, ಟ್ಯಾಬನ್ನು ಲಾರಿಯ ಬಾಗಿಲಿಗೆ ಕಟ್ಟಿಸಿದಳು. ಮೊಣಕೈಯಿಂದ, ಭುಜದಿಂದ, ಬೇಕಿದ್ದರೆ ಸೊಂಟದಿಂದಲೂ ಒತ್ತಬಹುದಿತ್ತು. ಈ ಸಲ ಪರೀಕ್ಷೆಗೆ ಗುಲಾಬಿ ಹಾಕಲಿಲ್ಲ. ಕೂದಲುಂಡೆ ತೇಲುತ್ತಿದ್ದ ಆ ಫೋಟೋವನ್ನೇ ಹಾಕಿ, ಪರದೆಯ ಮೇಲೆ ಅರ್ಧ ಕಾಗದ ಅಂಟಿಸಿಕೊಂಡು ನೋಡಿದಳು.

ಸೋಮವಾರ ಏಳು ಗಂಟೆಗೆ ಎಂಟು ಗ್ಯಾಂಗಿಗೆ ಎಂಟು ಬೇರೆ ಬೇರೆ ಹೊಲಸು ಸಿಕ್ಕಿತು. ಹೆಗ್ಗಣದ ಚೀಟಿ ಎರಡನೇ ಮೇಸ್ತ್ರಿಗೆ ಬಂತು; ಅವನು ಬೂಟು ನೋಡಿಕೊಂಡು, ಮೊಣಕೈಯಿಂದ ಒಂದು ಗುದ್ದು ಗುದ್ದಿ ಅದಕ್ಕೆ ಕೊನೆಯ ಮುಕ್ತಿ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲಿನ ಅಂಕಿ ಮುನ್ನೂರರಿಂದ ಇನ್ನೂರ ಐವತ್ತಕ್ಕೆ ಇಳಿದಿತ್ತು. ಸಾಹೇಬರ ಕಿವಿಗೆ ಕೀ ಮರಳಿತು.

ಸಂಜೆ ಅವರು ಎಂಟೂ ಮೇಸ್ತ್ರಿಗಳನ್ನು, ಇಡೀ ಕಚೇರಿಯನ್ನು ಸೇರಿಸಿದರು. ಛೀ ಮೇಡಂ ಮುಂದೆ ನಿಂತಿದ್ದಳು. ಅವಳ ಪುಸ್ತಕ ಸಾಹೇಬರ ಕೈಯಲ್ಲಿತ್ತು.

"ಗುಡ್ಡಕ್ಕೆ ಬೇರೆಯವರನ್ನ ನೋಡ್ತೀನಿ. ಈಯಮ್ಮ ಇಲ್ಲೇ ಇರ್ತಾಳೆ," ಎಂದರು. ಚಪ್ಪಾಳೆ ಬಿತ್ತು. "ಯಾರನ್ನ ನಾವು ಛೀ ಮೇಡಂ ಅಂತ ನಗಾಡ್ತಿದ್ವೋ, ಅವರು ಹಾಸ್ಟೆಲ್ ಚರಂಡಿ ಮುಂದೆ ಕಂಬದ ಹಾಗೆ ನಿಂತ್ರು. ಮನುಷ್ಯ ಮನಸ್ಸು ಮಾಡಿದ್ರೆ ಅಸಹ್ಯಾನೂ ಗೆಲ್ಲಬಹುದು! ಇದನ್ನ ನಾವೆಲ್ಲ ಕಲೀಬೇಕು!" ಮತ್ತೆ ಚಪ್ಪಾಳೆ, ಮೂರನೇ ಗ್ಯಾಂಗಿನ ಮೇಸ್ತ್ರಿಯದು ಎಲ್ಲರಿಗಿಂತ ಜೋರು. ಸಾಹೇಬರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ಹುಬ್ಬು ಗಂಟಿಕ್ಕಿತು.

"ಆದ್ರೆ ಇದೇನಮ್ಮ, ಹತ್ತು ಹತ್ತಕ್ಕೆ ಶುರು, ಹನ್ನೊಂದು ಆರಕ್ಕೆ ಮುಕ್ತಾಯ. ಐವತ್ತಾರು ನಿಮಿಷ ಆಯ್ತು. ನೀನು ಐವತ್ತೆರಡು ಅಂತ ಬರ್ದಿದೀಯ. ಇನ್ನು ನಾಲ್ಕು ನಿಮಿಷ ಎಲ್ಲಿ ಹೋಯ್ತು?"

"ನಾನು ಎರಡು ಸಲ ವಾಂತಿ ಮಾಡ್ಕೊಂಡೆ ಸಾರ್. ಪಾಪ, ಈ ಮೂರನೇ ಗ್ಯಾಂಗಿನವರೆಲ್ಲ ಕೆಲಸ ಬಿಟ್ಟು ನೀರು ತಂದ್ಕೊಟ್ರು. ಅದು ಚರಂಡಿ ಟೈಮಲ್ಲ, ಕಳೆದಿದೀನಿ."